ಹೃದಯದ ಸುತ್ತಿನ ಹಾಳೆ

ಈ ಕತೆಯನ್ನು ಮೊದಲು ಹೇಳಿದವನು ರಾಯ್ಟ್ಲಿಂಗನ್ ಊರಿನ ಉಪಕರಣ ದುರಸ್ತಿಗಾರ ಗೆಬ್‌ಹಾರ್ಟ್ ಶ್ವೆಂಕ್. 2011ರ ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಪಾನಗೃಹದ ಒಲೆಯ ಪಕ್ಕದ ಮೇಜಿನಲ್ಲಿ. ಅವನ ಮಾತಿನಲ್ಲೇ ಕೊಡುತ್ತಿದ್ದೇನೆ.

ಹನ್ನೊಂದೂವರೆ. ಸಾವಿಗೆ ಅರ್ಧ ಗಂಟೆ ಬಾಕಿ...

ನನಗಲ್ಲ. ಕೋಳಿಭ್ರೂಣದ ಹೃದಯದ ಒಂದು ತುಣುಕಿಗೆ.

ಅದು ಪ್ರಯೋಗಾಲಯದ ಗಾಜಿನ ಬಟ್ಟಲಿನಲ್ಲಿ ಮಿಡಿಯುತ್ತಿತ್ತು. ಬಟ್ಟಲಿನ ತಳದಲ್ಲಿ ಕೂದಲಿಗಿಂತ ಸಣ್ಣ ಅರವತ್ತು ಎಲೆಕ್ಟ್ರೋಡುಗಳು. ಮಿಡಿತದ ವಿದ್ಯುತ್ತನ್ನು ಕೇಳಿಸಿಕೊಳ್ಳುವ ಅರವತ್ತು ಕಿವಿಗಳು. ಆದರೆ ಪರದೆಯ ಮೇಲೆ ಮಿಡಿತವೇ ಇಲ್ಲ. ಗೋಡೆಯ ಕರೆಂಟಿನ ಗದ್ದಲ ಎಲ್ಲವನ್ನೂ ನುಂಗಿತ್ತು.

"ಇದೇ ಕೊನೇ ತುಣುಕು, ಶ್ವೆಂಕ್ ಅವ್ರೇ," ಎಂದಳು ಸಂಶೋಧಕಿ ವಿಲ್ಟ್ರೂಡ್ ಏಗೆ. "ಇದು ಹೋದ್ರೆ ನನ್ನ ಮೂರು ವರ್ಷದ ಪ್ರಬಂಧ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ."

"ನಿನ್ನೆ?"

"ಸರಿ ಇತ್ತು."

"ಯಾರು ಮುಟ್ಟಿದ್ರು?"

"ಯಾರೂ ಇಲ್ಲ. ಬೆಳಗ್ಗೆ ಪ್ರೊಫೆಸರ್ ಬೀಲ್ ಕಸ ಗುಡಿಸಿದ್ರು. ಇಲ್ಲಿ ವಾರಕ್ಕೊಬ್ಬರು ಗುಡಿಸ್ಬೇಕು, ಈ ವಾರ ಅವ್ರ ಸರದಿ."

ಉಪಕರಣದ ಹಿಂದಕ್ಕೆ ತೆವಳಿದೆ. ಕರೆಂಟಿನ ಗದ್ದಲವನ್ನು ತಡೆಯಲು ನಾನೇ ಹೊದಿಸಿದ್ದ ಅಲ್ಯುಮಿನಿಯಂ ಹಾಳೆ ಮಾಯ.

"ಬೇರೆ ಹಾಳೆ?"

"ಪ್ರೊಫೆಸರ್ ಕೊಳ್ಳೋಕೆ ಬಿಡೋದೇ ಇಲ್ಲ. ಹಳೇದಿರುವಾಗ ಹೊಸದ್ಯಾಕೆ ಅಂತಾರೆ."

ಗುಡಿಸಿದವರನ್ನು ಹುಡುಕಿಕೊಂಡು ನಾಲ್ಕು ಮಹಡಿ ಇಳಿದು ಓಡಿದೆ. ಅಂಗಳದ ಬೆಂಚಿನಲ್ಲಿ ಬೀಲ್ ಊಟ ಬಿಚ್ಚುತ್ತಿದ್ದರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಅವರು ಎದ್ದು ಓಡಿದರು.

ಸೈಕಲ್ ನಿಲ್ದಾಣ... ಕಸದ ತೊಟ್ಟಿಗಳು... ಕೊನೆಗೆ ಗೋಡೆ. ಮಾಂಸದ ರೊಟ್ಟಿಯನ್ನು ಎದೆಗವಚಿಕೊಂಡು ನಿಂತರು. ಸುತ್ತಿದ್ದ ಹಾಳೆಯಲ್ಲಿ ಒಂದು ದುಂಡನೆಯ ತೂತು. ನಾನು ಕೇಬಲ್ಲಿಗೆಂದು ಕೊರೆದದ್ದು. ಅದರಿಂದ ಸೌತೆಯ ಉಪ್ಪಿನಕಾಯಿ ಇಣುಕುತ್ತಿತ್ತು.

"ಹಾಳೆ ಕೊಡಿ, ಪ್ರೊಫೆಸರ್."

"ರೊಟ್ಟಿ?"

"ನೀವೇ ತಿನ್ನಿ."

"ಗುಡಿಸುವಾಗ ಸಿಕ್ತು ಕಣಯ್ಯ. ಇಷ್ಟು ಚೆನ್ನಾಗಿರೋದನ್ನ ಎಸೆಯೋಕೆ ಮನಸ್ಸು ಬರುತ್ತಾ?"

ಹನ್ನೊಂದು ಐವತ್ತೆರಡಕ್ಕೆ ರೊಟ್ಟಿಯಿಂದ ಅಂಟಿದ್ದ ಸಾಸಿವೆ ಗೊಜ್ಜು ಒರೆಸಿ ಹಾಳೆ ಹೊದಿಸಿದೆ. ಗದ್ದಲ ಸತ್ತಿತು. ಪರದೆಯ ಮೇಲೆ ಅರವತ್ತು ಗೆರೆಗಳು ಒಟ್ಟಿಗೆ ಜಿಗಿದವು. ಮತ್ತೆ ಜಿಗಿದವು. ವಿಲ್ಟ್ರೂಡ್ ಕಣ್ಣೊರೆಸಿಕೊಂಡಳು.

ಹನ್ನೆರಡಕ್ಕೆ ಮಿಡಿತ ನಿಲ್ಲುವವರೆಗೆ ಎಂಟು ನಿಮಿಷ ದಾಖಲಾಯಿತು. ಸಾಕಾಗಿತ್ತು.

ಬಾಗಿಲಲ್ಲಿ ಬೀಲ್, ಕೈಯಲ್ಲಿ ಬರಿಯ ರೊಟ್ಟಿ. "ನೋಡಿದ್ರಾ ಏಗೆ ಅವ್ರೇ? ನಾನು ಎಸೆದುಬಿಟ್ಟಿದ್ರೆ ಏನಾಗ್ತಿತ್ತು?"

ಪ್ರಬಂಧ ಅಚ್ಚಾಯಿತು. ಮೊದಲ ಪುಟದ ಕೃತಜ್ಞತೆ, ಹಾಳೆಯನ್ನು ಜೋಪಾನ ಮಾಡಿದ ಪ್ರೊಫೆಸರರಿಗೆ. ನನ್ನ ಹೆಸರಿಲ್ಲ.

ಶ್ವೆಂಕ್ ಲೋಟ ಕೆಳಗಿಟ್ಟ. ಕೇಳುಗರು ಎದ್ದು, ತಮ್ಮ ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಹಾಳೆ ಎಲ್ಲಿಂದ ತಂದರೆಂದು ನಾನು ಕೇಳಲಿಲ್ಲ.