ಕೋರೆಹಲ್ಲು ಸಂಘದ ಆರು ಸೂಜಿಗಳು

"ಮಿಸೆಸ್ ಥ್ವೇಟ್, ನಮ್ಮ ಬೆಳ್ಳಿ ಪಿನ್ನು ಕಳುವಾಗಿದೆ! ಕಳ್ಳ ಸಿಕ್ಕಿದ್ದಾನೆ, ಆದ್ರೆ ಒಪ್ಕೊಳ್ತಿಲ್ಲ. ನೀವೇ ಬಂದು ಬಾಯಿ ಬಿಡಿಸಿ."

ಭಾನುವಾರ ಮಧ್ಯಾಹ್ನ ನಾವು ಚಹಾ ಕುಡಿಯುತ್ತಿದ್ದಾಗ ಹೆಸ್ಟರ್ ಏದುಸಿರು ಬಿಡುತ್ತ ಬಂದಳು. ಅದು ಲೀಡ್ಸ್ ನಗರ, ೧೯೮೬ರ ಅಕ್ಟೋಬರ್. ನನ್ನ ಮನೆಯೊಡತಿ ಆ್ಯಗ್ನೆಸ್ ಥ್ವೇಟ್ ನಲವತ್ತು ವರ್ಷ ನಾಟಕದ ಉಡುಪು ಹೊಲಿದವಳು. ಬೀದಿಯಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅವಳ ಹಿಂದೆ ಹೋಗಿ ಬೆರಗಾಗುವುದಷ್ಟೇ ನನ್ನ ಪಾಲಿನ ಕೆಲಸ.

ಇಬ್ಬರೂ ಹೆಸ್ಟರಳ ಮನೆಯ ನೆಲಮಾಳಿಗೆಗೆ ಇಳಿದೆವು. ಅವಳ ಕೋರೆಹಲ್ಲು ಸಂಘ ಇದ್ದದ್ದು ಅಲ್ಲೇ. ಏಳು ಹುಡುಗ ಹುಡುಗಿಯರು ಮುಖಕ್ಕೆ ಬಿಳಿ ಬಣ್ಣ ಬಳಿದು, ಕಪ್ಪು ಲೇಸು ತೊಟ್ಟು, ರಕ್ತಪಿಶಾಚಿಗಳ ಮೇಲೆ ಪದ್ಯ ಬರೆದು, ಚಿತ್ರ ಬಿಡಿಸಿ, ಪುಟ್ಟ ಪತ್ರಿಕೆ ತರುತ್ತಿದ್ದರು. ಮೊದಮೊದಲು ನಾನು ನಗುತ್ತಿದ್ದೆ. ಒಮ್ಮೆ ಹೆಸ್ಟರಳ ತಮ್ಮ ಕ್ಲೈವ್ ಹೇಳಿದ: "ಕೆಲಸ ಇಲ್ಲ, ಮರ್ಯಾದೆ ಇಲ್ಲ, ನಾವು ಯಾರಿಗೂ ಬೇಡ ಸಾರ್. ರಕ್ತಪಿಶಾಚೀನೂ ಯಾರಿಗೂ ಬೇಡ. ಆದ್ರೂ ಅದರ ಗತ್ತು ನೋಡಿ!" ಅಂದಿನಿಂದ ನಗುವುದನ್ನು ಬಿಟ್ಟೆ.

ವರ್ಷಕ್ಕೊಮ್ಮೆ ಎಲ್ಲರೂ ಆ ಒಂದೇ ಬೆಳ್ಳಿ ಪಿನ್ನಿನಿಂದ ಬೆರಳು ಚುಚ್ಚಿಕೊಂಡು ಸಂಘದ ಪುಸ್ತಕದಲ್ಲಿ ರಕ್ತದ ಬೊಟ್ಟಿಡುವುದು ಅವರ ಪದ್ಧತಿ. ಈ ವರ್ಷದ ಆ ದಿನ ಬಂದು, ಪಿನ್ನಿಡುವ ಪೆಟ್ಟಿಗೆ ತೆರೆದರೆ ಪಿನ್ನಿಲ್ಲ! ಅದರ ಜಾಗದಲ್ಲಿ ಆರು ಹೊಸ ಸೂಜಿಗಳು, ಒಂದೊಂದಕ್ಕೂ ಬೇರೆ ಹತ್ತಿಯ ಉಂಡೆ.

"ಗೇಲಿ ಮಾಡಿದ್ದಾನೆ," ಎಂದು ಹೆಸ್ಟರ್ ಹೊಸಬ ಡರ್ಮಟ್‌ನತ್ತ ಬೊಟ್ಟು ಮಾಡಿದಳು. "ಅದು ಅಸಲಿ ಬೆಳ್ಳೀನಾ ಅಂತ ಕೇಳಿದ್ದೂ ಇವನೇ. ಆಚೆ ಹಾಕ್ತೀನಿ!"

"ಸುಮ್ನೆ ಕೇಳ್ದೆ ಕಣೆ," ಎಂದು ಡರ್ಮಟ್ ಅತ್ತ. "ಇವತ್ತು ನನ್ನ ಹೆಸರು ಪುಸ್ತಕಕ್ಕೆ ಸೇರ್ತಿತ್ತು. ನಂಗೆ ಬೇರೆ ಯಾರಿದ್ದಾರೆ?"

ಮೇಜಿನ ಮೇಲೆ ಎಲ್ಲರ ಮುಖಕ್ಕೂ ಬಣ್ಣ ಹಚ್ಚುವ ಒಂದೇ ಸ್ಪಂಜಿತ್ತು. ಕ್ಲೈವ್‌ನ ಪಕ್ಕದಲ್ಲಿ ಮಾತ್ರ ಬೇರೆ ಸ್ಪಂಜು, ಕಪ್ಪು ದಾರ ಕಟ್ಟಿದ ಬೇರೆ ಲೋಟ. ಆ್ಯಗ್ನೆಸ್ ಅತ್ತ ನೋಡಿದ್ದನ್ನು ಕಂಡು ಹೆಸ್ಟರ್ ಮೂತಿ ತಿರುಗಿಸಿದಳು. "ಒಂದು ತಿಂಗಳಿಂದ ಇವನು ದೊರೆ. ನಮ್ಮ ಎಂಜಲು ಆಗಲ್ಲ!"

ಆ್ಯಗ್ನೆಸ್ ಎಲ್ಲರನ್ನೂ ಸುತ್ತ ಕೂರಿಸಿದಳು.

"ಗೇಲಿ ಮಾಡೋನು ಹತ್ತಿ ಇಡಲ್ಲಮ್ಮಾ. ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟಬಾರದು ಅಂತ ಯಾರೋ ಕಾಳಜಿಯಿಂದ ಇಟ್ಟಿದ್ದಾರೆ. ನೀವು ಏಳು ಜನ, ಸೂಜಿ ಆರು. ಇಟ್ಟೋರು ತಮಗೆ ಇಟ್ಕೊಂಡಿಲ್ಲ. ಡರ್ಮಟ್ ಚುಚ್ಚಿಕೊಳ್ಳೋಕೆ ಕಾಯ್ತಿದ್ದ, ಅವನಾಗಿದ್ರೆ ಏಳು ಇರ್ತಿತ್ತು. ತನ್ನ ರಕ್ತ ಹೊರಗೆ ಬರೋದೇ ಬೇಡ ಅನ್ನೋರು ಯಾರು? ಒಂದು ತಿಂಗಳಿಂದ ಲೋಟ, ಸ್ಪಂಜು ಬೇರೆ ಮಾಡ್ಕೊಂಡೋನು." ಅವಳ ದನಿ ತಗ್ಗಿತು. "ಅದು ದೊರೆತನ ಅಲ್ಲ. ಭಯ. ಅಲ್ವೇನೋ ಮಗು?"

ಕ್ಲೈವ್ ತಲೆ ಎತ್ತದೆಯೇ ಹೇಳಿದ.

"ಆಸ್ಪತ್ರೇಲಿ ಏಡ್ಸ್ ಅಂತ ಹೇಳಿದ್ರು. ಹೆಸರು ಕೇಳಿದ್ರೇ ಜನ ಓಡಿ ಹೋಗ್ತಾರೆ, ಅದಕ್ಕೇ ಹೇಳ್ಲಿಲ್ಲ. ಪಿನ್ನು ಕಾಲುವೆಗೆ ಎಸೆದೆ. ಡರ್ಮಟ್, ನಿನ್ನ ಬೈತಿದ್ರೂ ಸುಮ್ನಿದ್ದೆ, ಕ್ಷಮಿಸೋ." ಅವನು ಹೆಸ್ಟರಳತ್ತ ತಿರುಗಿದ. "ಅಕ್ಕಾ, ಹೋದ ವರ್ಷ ಮೊದಲು ಚುಚ್ಚಿಕೊಂಡೋನು ನಾನು. ನನ್ನ ಆದ್ಮೇಲೆ ಅದೇ ಪಿನ್ನಿಂದ ನೀನು."

ಹೆಸ್ಟರ್ ಎದ್ದು ಬಂದಳು.

"ಮುಟ್ಬೇಡ!" ಎಂದು ಅವನು ಹಿಂದೆ ಸರಿದ.

"ಬಾಯ್ಮುಚ್ಚೋ ದಡ್ಡ," ಎಂದು ಅವಳು ಅವನನ್ನು ಎದೆಗವಚಿಕೊಂಡಳು. "ಒಂದು ತಿಂಗಳು ಒಬ್ಬನೇ ಇದನ್ನ ಹೊತ್ಕೊಂಡಿದ್ಯಾ?"

ಮರುದಿನ ಬೆಳಿಗ್ಗೆ ಏಳೂ ಜನ ರಕ್ತ ಪರೀಕ್ಷೆಗೆಂದು ಆಸ್ಪತ್ರೆಯ ಬಸ್ಸಿಗೆ ಕಾದು ನಿಂತಿದ್ದರು. ಒಮ್ಮೆಯೂ ಚುಚ್ಚಿಕೊಂಡಿರದ ಡರ್ಮಟ್ ಕೂಡ. ಯಾರ ಮುಖಕ್ಕೂ ಬಣ್ಣವಿರಲಿಲ್ಲ. ಅವರು ಎಷ್ಟು ಚಿಕ್ಕವರು ಎಂಬುದು ನನಗೆ ಅಂದೇ ತಿಳಿದದ್ದು.