ಲೆನಾ–ಮೀಶಾ ತಿರುಗಿದ ಕಡೆ

"ಹಟೋ! ಹಟೋ!"

ಎದುರಿನಿಂದ ಮೂರು ಜೋಡಿಗಳು ಒಮ್ಮೆಲೇ ನುಗ್ಗಿ ಬಂದವು. ಪ್ರಣೀತಾ ರೋಶನ್‌ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಆದರೆ ತಡವಾಗಿತ್ತು. ಧಡಾರ್! ಎಂಟು ಮಕ್ಕಳು, ಹದಿನಾರು ಸ್ಕೇಟು, ಎಲ್ಲ ಒಂದೇ ರಾಶಿ.

ಸೀಟಿ ಕೇಳಿಸಿತು. ವಿಕ್ರೋಳಿಯ ಆ ಸ್ಕೇಟಿಂಗ್ ರಿಂಕ್‌ನಲ್ಲಿ ಉಳಿದ ಜೋಡಿಗಳೆಲ್ಲ ಗಕ್ಕನೆ ನಿಂತವು. ಮೆಟ್ಟಿಲ ಮೇಲೆ ಕೂತಿದ್ದ ಪ್ರಣೀತಾಳ ಅಮ್ಮ ಗಾಬರಿಯಿಂದ ಎದ್ದು ನಿಂತರು.

ಇದಿನ್ನೂ ವಾರ್ಮ್‌ಅಪ್. ಜೋಡಿ ಡ್ಯಾನ್ಸ್ ಶುರುವಾಗಲು ಇಪ್ಪತ್ತೇ ನಿಮಿಷ ಬಾಕಿ.

"ಅರೇ, ಉಲ್ಟಾ ಕ್ಯೂಂ ಜಾ ರಹೇ ಹೋ?" ಜಡ್ಜ್ ಶುಭಾಂಗಿ ಮೇಡಂ ಓಡಿ ಬಂದರು. ಎಲ್ಲರೂ ಎಡಕ್ಕೇ ಸುತ್ತಬೇಕಂತೆ. ಬಲಕ್ಕೆ ಸುತ್ತಿದರೆ ಔಟ್!

ಪ್ರಣೀತಾ ಎದ್ದು ಕೂತಳು. ಉಲ್ಟಾ? ಅದು ಹೇಗೆ ಸಾಧ್ಯ?

ಪಕ್ಕದ ಮನೆಯ ರೋಶನ್ ಜೊತೆ ಅವಳು ಮೂರು ತಿಂಗಳಿಂದ ಸಯನ್‌ನ ತಮ್ಮ ಬಿಲ್ಡಿಂಗ್ ಕಂಪೌಂಡಿನಲ್ಲಿ ಬಲಕ್ಕೇ ಸುತ್ತಿದ್ದಳು. ಕೋಚ್ ಇರಲಿಲ್ಲ. ಇದ್ದದ್ದು ಅಮ್ಮನ ಫೋನಿನಲ್ಲಿ ಒಂದು ವಿಡಿಯೋ. ರಷ್ಯದ ಲೆನಾ ಮತ್ತು ಮೀಶಾ ಐಸ್ ಮೇಲೆ ಕುಣಿದು ಚಿನ್ನ ಗೆದ್ದ ಡ್ಯಾನ್ಸ್. ಅವರ ಕತೆ ಪ್ರಣೀತಾಳಿಗೆ ಬಾಯಿಪಾಠ. ಎಂಟನೇ ವಯಸ್ಸಿಗೆ ಜೋಡಿಯಾದರು. ಮೊದಲ ಸ್ಪರ್ಧೆಯಲ್ಲಿ ಬಿದ್ದು ಲಾಸ್ಟ್ ಬಂದರು. ಆಮೇಲೆ ಏಳನೆಯವರು, ನಾಲ್ಕನೆಯವರು, ಎರಡನೆಯವರು. ಹನ್ನೆರಡು ವರ್ಷದ ಮೇಲೆ ಚಿನ್ನ!

ಪ್ರಾಕ್ಟೀಸ್ ಮಾಡುವಾಗ ರೋಶನ್ ಮಾತ್ರ ಮತ್ತೆ ಮತ್ತೆ ಎಡಕ್ಕೆ ಹೊರಡುತ್ತಿದ್ದ.

"ಏ ಪಾಗಲ್, ರೈಟ್ ಸೈಡ್! ವಿಡಿಯೋ ನೋಡ್ಲಿಲ್ವಾ?"

"ನನ್ನ ಕಾಲು ಆ ಕಡೆಗೇ ಹೋಗ್ತದೆ ಮಾರಾಯ್ತಿ."

"ನಿನ್ನ ಕಾಲು ಲೆನಾ–ಮೀಶಾಗಿಂತ ಹುಷಾರಾ?"

ಪಾಪ, ಅವನು ತುಟಿ ಕಚ್ಚಿಕೊಂಡು ಬಲಕ್ಕೆ ತಿರುಗುತ್ತಿದ್ದ.

ಈಗ ಪ್ರಣೀತಾ ಅಮ್ಮನ ಕೈಯಿಂದ ಫೋನ್ ಕಸಿದುಕೊಂಡು ಬಂದಳು. "ನೋಡಿ ಮೇಡಂ! ವಿಡಿಯೋ ಮೇ ಐಸಾಹೀ ಹೈ!"

ಮೇಡಂ ನೋಡಿದರು. ಜೋಡಿಯನ್ನಲ್ಲ, ಅವರ ಹಿಂದಿನ ಗೋಡೆಯಲ್ಲಿದ್ದ ಗಡಿಯಾರವನ್ನು ಬೆರಳಿಟ್ಟು ತೋರಿಸಿದರು.

ಸೆಕೆಂಡ್ ಮುಳ್ಳು ಹಿಂದಕ್ಕೆ ಓಡುತ್ತಿತ್ತು! ಅಂಕಿಗಳೂ ತಿರುವುಮುರುವು!

"ಬೇಟಾ, ವಿಡಿಯೋ ಹೀ ಉಲ್ಟಾ ಹೈ."

ಯಾರೋ ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿದ್ದರು. ಪ್ರಣೀತಾ ಫೋನನ್ನು ಕಣ್ಣ ಹತ್ತಿರ ಹಿಡಿದಳು. ಇನ್ನೂರು ಸಲ ನೋಡಿದ್ದಳಲ್ಲ! ನೋಡಿದ್ದು ಬರೀ ಅವರ ಕಾಲು. ಗಡಿಯಾರ ಕಣ್ಣಿಗೇ ಬಿದ್ದಿರಲಿಲ್ಲ.

ಅವಳು ಮೆಲ್ಲಗೆ ರೋಶನ್ ಕಡೆ ತಿರುಗಿದಳು. ಈಗ ಬೈಯುತ್ತಾನೆ, ಬೈಯಲೇಬೇಕು. ಅವನ ಮಂಡಿ ತರಚಿ ರಕ್ತ ಒಸರುತ್ತಿತ್ತು.

"ನಿನಗೆ ಪೆಟ್ಟಾಯ್ತಾ?" ಎಂದು ಕೇಳಿದ ಅವನು.

ಅವಳಿಗೆ ಅಳುವೇ ಬಂತು. ಅಮ್ಮನ ಕರ್ಚೀಫ್ ತಂದು ಅವನ ಮಂಡಿಗೆ ಕಟ್ಟಿದಳು.

ಮೈಕಿನಲ್ಲಿ ಅವರ ನಂಬರ್ ಕೂಗಿದರು.

"ಎಂಥ ಮಾಡುವಾ ಈಗ?" ರೋಶನ್ ಕೇಳಿದ.

ಪ್ರಣೀತಾ ಅವನ ಇನ್ನೊಂದು ಬದಿಗೆ ಹೋಗಿ ನಿಂತು, ಇನ್ನೊಂದು ಕೈ ಚಾಚಿದಳು. "ನಿನ್ನ ಕಾಲು ಹೋದ ಕಡೆ ಹೋಗುವಾ."

"ಲಾಸ್ಟ್ ಬರ್ತೇವೆ."

"ಗ್ಯಾರಂಟಿ," ಎಂದಳು.

ಮ್ಯೂಸಿಕ್ ಶುರುವಾಯಿತು. ರೋಶನ್ ಎಡಕ್ಕೆ ಹೊರಟ. ಪ್ರಣೀತಾ ವಿಡಿಯೋವನ್ನು ನೆನಪಿಸಿಕೊಳ್ಳಲಿಲ್ಲ. ಅವನ ಕಾಲನ್ನೇ ನೋಡುತ್ತ ಜೊತೆಗೆ ಹೆಜ್ಜೆ ಹಾಕಿದಳು.