ಹಿಂದಿನ ಟೈರ್

ಮೂರನೇ ತಿರುವಿನ ಗೋಡೆಯ ಬಳಿ ದೇಹವನ್ನು ಹೊರಗೆಳೆಯುವಾಗಲೇ ಆಂಬ್ಯುಲೆನ್ಸ್ ಚಾಲಕನಿಗೆ ಗೊತ್ತಾಗಿತ್ತು, ಇನ್ನು ಅವಸರವಿಲ್ಲ.

ಸತ್ತವನು ಇಪ್ಪತ್ತೈದು ವರ್ಷ ಹಳೆಯದಾದ ಕಾರೊಂದರ ಯಜಮಾನ. ರೇಸ್ ಟ್ರ್ಯಾಕನ್ನು ಹವ್ಯಾಸಿಗಳಿಗೆ ಬಿಟ್ಟುಕೊಡುವ ದಿನ ತಪ್ಪದೆ ಬರುತ್ತಿದ್ದ. ಮುದಿ ಕಾರಿಗೆ ದೊಡ್ಡ ಎಂಜಿನ್ ಬೇಡ, ಕಾಲು ಗಟ್ಟಿ ಇರಲಿ ಎನ್ನುತ್ತಿದ್ದ. ಸ್ಪ್ರಿಂಗ್ ಬಿಗಿ ಮಾಡಿಸಿ, ಹಿಡಿತಕ್ಕೆಂದು ಮೆತ್ತನೆ ರಬ್ಬರಿನ ಟೈರ್ ಹುಡುಕಿ ಹಾಕಿಸುತ್ತಿದ್ದ. ಬೆಳಿಗ್ಗೆ ಅದೇ ತಿರುವಿನಲ್ಲಿ ಕಾರು ಗೆರೆ ಎಳೆದಂತೆ ಹೋಗಿತ್ತು. ಊಟದ ನಂತರದ ಮೊದಲ ಸುತ್ತಿನಲ್ಲೇ ಹಿಂಭಾಗ ಜಾರಿ ಗೋಡೆಗೆ ಬಡಿಯಿತು.

ಬೈಗುಳ ಬಿದ್ದದ್ದು ಅವನ ಮೆಕ್ಯಾನಿಕ್ ತಲೆಗೆ. ಶೆಡ್ಡಿನ ಹಲಗೆಯ ಮೇಲೆ ಯಜಮಾನನ ಕೈಬರಹವಿತ್ತು: 'ಹಿಂದಿನ ಟೈರ್ ಹಾಕು.' ಹಿಂಬದಿಗೆ ಹೊಸದಾಗಿ ತರಿಸಿದ ಜೋಡಿಯನ್ನು ಹಾಕು ಎಂದು ಅರ್ಥ. ಸತ್ತವನ ತಮ್ಮ ಇನ್‌ಸ್ಪೆಕ್ಟರ್ ಮುಂದೆ ಬೇರೆ ಅರ್ಥ ಬಿಡಿಸಿದ.

"ಈ ಹಿಂದೆ ಇದ್ದ ಹಳೇ ಟೈರ್ ಅಂದ್ಕೊಂಡಿದಾನೆ ಸಾರ್ ಇವನು. ಎಂಟು ವರ್ಷದ್ದನ್ನ ತಂದು ಹಾಕಿದಾನೆ. ನಾನಂತೂ ಆ ಕಾರು ಮುಟ್ಟಿದೋನೇ ಅಲ್ಲ."

ಸತ್ತವನ ತಂಗಿ ನೇರ ದೊಡ್ಡಮ್ಮನ ಬಳಿ ಓಡಿದಳು. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಅವರು ಓಟಕ್ಕೆ ಮುನ್ನ ಕಾರುಗಳನ್ನು ನೋಡುವ ಟ್ರ್ಯಾಕಿನ ತಪಾಸಣೆಗಾರ್ತಿ. ತಪಾಸಣೆ ಶೆಡ್ಡಿನ ಮೇಲಿನ ಕೋಣೆಯಲ್ಲೇ ವಾಸ. ಅಲ್ಲಿ ಏನು ಕಳುವಾದರೂ, ಯಾರು ಮೋಸ ಮಾಡಿದರೂ ಪೊಲೀಸರಿಗಿಂತ ಮೊದಲು ಜನ ಹತ್ತುತ್ತಿದ್ದುದು ಅವರ ಮೆಟ್ಟಿಲು. ಮೆಕ್ಯಾನಿಕ್‌ನನ್ನು ತಾನು ಮದುವೆಯಾಗಲಿದ್ದೇನೆ, ದೊಡ್ಡಣ್ಣ ಒಪ್ಪಿದ್ದ, ಚಿಕ್ಕಣ್ಣ ಗ್ರೀಸ್ ಕೈಯವನು ಹೊಸಿಲು ತುಳಿಯಬಾರದು ಎಂದಿದ್ದ ಎಂದೆಲ್ಲ ಹೇಳಿ ಕೊನೆಗೆ ಕೇಳಿದಳು, "ಇವನದೇ ತಪ್ಪು ಅಂತಾದ್ರೆ ಹೇಳಿಬಿಡಿ ದೊಡ್ಡಮ್ಮ. ಇವನ ಜೊತೆ ಬಾಳೋದು ಹೇಗೆ?"

ದೊಡ್ಡಮ್ಮ ಆಂಬ್ಯುಲೆನ್ಸ್ ಚಾಲಕನನ್ನು ಕರೆದುಕೊಂಡು ನುಜ್ಜುಗುಜ್ಜಾದ ಕಾರಿನ ಬಳಿ ಕೂತರು. ಮುಂದಿನ ಟೈರಿಗೆ ಉಗುರು ಒತ್ತಿದರೆ ಗುರುತು ಬಿತ್ತು. ಹಿಂದಿನದಕ್ಕೆ ಉಗುರೇ ಮುರಿಯಿತು. ಹಳತು ಹೊಸದಾಗಿ ಕಾಣಲೆಂದು ಬಳಿದ ಪಾಲಿಷ್ ಬೆರಳಿಗೆ ಅಂಟಿತು. ಚಕ್ರ ಬಿಚ್ಚಿಸಿ, ಒಳಮೈಗೆ ಟಾರ್ಚ್ ಹಿಡಿದು, ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ಓದಿಸಿದರು. ಸರಿಯಾಗಿ ಎಂಟು ವರ್ಷ.

"ಯಾರ ಹತ್ರಾನೂ ಬಾಯಿ ಬಿಡಬೇಡಪ್ಪ. ಊಟದ ಹೊತ್ತಲ್ಲಿ ಮೆಕ್ಯಾನಿಕ್ ಎಲ್ಲಿದ್ದ?"

ತನ್ನ ಆಂಬ್ಯುಲೆನ್ಸಿನಲ್ಲೇ ಎಂದ ಚಾಲಕ. ಬೆಳಗಿನ ಓಟ ಮುಗಿದ ಕೂಡಲೇ ಸೈಲೆನ್ಸರ್ ತಗುಲಿ ಅಂಗೈ ಸುಟ್ಟುಕೊಂಡು ಬಂದಿದ್ದ. ಮಧ್ಯಾಹ್ನ ಓಡಿಸುವ ಸರದಿ ತನ್ನದು, ಬೇಗ ಕಟ್ಟು ಎಂದು ಗೋಗರೆದಿದ್ದ. ಚಾಲಕ ಪಟ್ಟಿ ಸುತ್ತಿ, ಸ್ಟೇರಿಂಗ್ ಮುಟ್ಟಿದರೆ ಜಾಗ್ರತೆ ಎಂದು ಗದರಿ ಕೂರಿಸಿಕೊಂಡಿದ್ದ.

ದೊಡ್ಡಮ್ಮ ಎಲ್ಲರನ್ನೂ ತಪಾಸಣೆ ಶೆಡ್ಡಿಗೆ ಕರೆಸಿದರು.

"ಬೆಳಿಗ್ಗೆ ತಪಾಸಣೇಲಿ ನಾಲ್ಕೂ ಟೈರಿಗೆ ಉಗುರು ಒತ್ತಿದ್ದು ನಾನೇ. ನಾಲ್ಕೂ ಬೆಣ್ಣೆ. ಅಂದ್ರೆ ಮೆಕ್ಯಾನಿಕ್ ಹಲಗೆ ಓದಿ ಸರಿಯಾಗೇ ಹಾಕಿದ್ದ. ಅದಲುಬದಲಾಗಿದ್ದು ಊಟದ ಹೊತ್ತಲ್ಲಿ. ಆಗ ಇವನು ಆಂಬ್ಯುಲೆನ್ಸಲ್ಲಿದ್ದ." ತಮ್ಮನ ಕಡೆ ತಿರುಗಿದರು. "ಇನ್‌ಸ್ಪೆಕ್ಟರ್ ಮುಂದೆ ಎಂಟು ವರ್ಷ ಅಂದ್ಯಲ್ಲ, ಚಕ್ರ ಬಿಚ್ಚದೆ ಆ ಅಂಕಿ ಯಾರಿಗೂ ಕಾಣಲ್ಲ ಮಗಾ."

"ಅಣ್ಣ ಯಾವಾಗಲೋ ಹೇಳಿದ್ದ."

"ಇರಬಹುದು. ನಿನ್ನ ಕಾರಿನ ಡಿಕ್ಕಿ ತೆಗಿ."

ಅವನು ಅಲುಗಾಡಲಿಲ್ಲ. ಇನ್‌ಸ್ಪೆಕ್ಟರ್ ಹೋಗಿ ತೆಗೆಸಿದ. ಹೊಸ ಹಿಂಬದಿ ಜೋಡಿ ರಿಮ್ ಸಮೇತ ಕಂಬಳಿಯ ಕೆಳಗಿತ್ತು.

"ಮುಂದೆ ಮೆತ್ತಗೆ, ಹಿಂದೆ ಕಲ್ಲು. ತಿರುವಲ್ಲಿ ಮೂತಿ ತಿರುಗುತ್ತೆ, ಹಿಂಭಾಗ ಜಾರಿ ಹೋಗುತ್ತೆ," ಎಂದರು ದೊಡ್ಡಮ್ಮ. "ಮೆಕ್ಯಾನಿಕ್ ಹಲಗೆ ತಪ್ಪಾಗಿ ಓದಿ ತಾನೇ ಸತ್ತ ಅಂತಾಗಲಿ ಅಂತ ನೀನು ಮಾಡಿದ್ದು. ಸತ್ತೋನು ಎದ್ದು ಬಂದು ಹಾಗಲ್ಲ ಅನ್ನಲ್ಲವಲ್ಲ. ಮಧ್ಯಾಹ್ನ ಓಡಿಸೋ ಸರದಿ ಇವನದು ಅಂತ ಓಟದ ಚೀಟೀಲಿ ಬರೆದಿತ್ತು. ಇವನ ಕೈ ಸುಟ್ಟು ಬದಲಿಗೆ ನಿಮ್ಮಣ್ಣ ಕೂತಿದ್ದು ಚೀಟೀಲಿ ಇರಲಿಲ್ಲ."



"ಬೇಲಿ ಹತ್ರಾನೇ ನಿಂತಿದ್ದೆ," ಎಂದ ತಮ್ಮ. "ಹೆಲ್ಮೆಟ್ ಹಾಕಿದ್ರೆ ಯಾರು ಅಂತ ಗೊತ್ತಾಗಲ್ಲ."

ಅವನನ್ನು ಕರೆದೊಯ್ದ ಮೇಲೆ ಚಾಲಕನ ಕಣ್ಣು ಮೆಕ್ಯಾನಿಕ್‌ನ ಅಂಗೈ ಮೇಲೆ ಬಿತ್ತು. ಪಟ್ಟಿ ಕೊಳೆಯಾಗಿತ್ತು, ಬದಲಿಸಬೇಕಿತ್ತು. ತಾನು ತಡೆದು ಕೂರಿಸಿದ್ದರಿಂದಲೇ ಯಜಮಾನ ಸ್ಟೇರಿಂಗ್ ಹಿಡಿದ ಎನಿಸಿ, ಔಷಧಿ ಪೆಟ್ಟಿಗೆ ತೆಗೆಯಲು ಚಾಲಕನಿಗೆ ಕೈ ಬರಲಿಲ್ಲ. ತಂಗಿಯೇ ಎದ್ದು ಬಂದು ತೆಗೆದಳು.